ಔಂಧದ ಸೂರ್ಯನಮಸ್ಕಾರ ಮತ್ತು ಗುಣದಾಳದ ವೃದ್ಧರು

ಸೂರ್ಯನಮಸ್ಕಾರದ ಆಧುನಿಕ ಚರಿತ್ರೆಯನ್ನು ಬರೆಯುವವರು ಔಂಧದ ಅರಸ ಭವಾನರಾವ್ ಪಂತ ಪ್ರತಿನಿಧಿಯನ್ನು (1868–1951) ಬಿಟ್ಟು ಮುಂದೆ ಹೋಗಲಾರರು. ಆದರೆ ಆತನ ಸಂಸ್ಥಾನ ಅಖಂಡವಾದ ಒಂದು ಸೀಮೆಯಾಗಿರದೆ ತುಣುಕುತುಣುಕಾಗಿ ಚದುರಿತ್ತೆಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಔಂಧ, ಕುಂಡಲ, ಆಟಪಾಡಿಗಳು ಮರಾಠಿಯ ನೆಲ. ಬಿಜಾಪುರದ ಸೀಮೆಯೊಳಗಿದ್ದ ಗುಣದಾಳ ಕನ್ನಡದ ನೆಲ. ವೃದ್ಧಾಪ್ಯದ ಆರೋಗ್ಯವನ್ನು ಕುರಿತ ಒಂದು ಪ್ರಶ್ನೆಯನ್ನು ಗುಣದಾಳದ ಕಡೆಯಿಂದಲೇ ಕೇಳುವುದು ಲೇಸು.

ಈ ಗಡಿಸೀಮೆಗೆ ವ್ಯಾಯಾಮ ಹೊಸದಲ್ಲ. ಊರೂರಲ್ಲಿ ತಾಲೀಮುಗಳಿದ್ದವು. ಆದರೆ ತಾಲೀಮಿನ ಮಣ್ಣು ಹರೆಯದವರದು. ಕುಸ್ತಿ ಬಿಟ್ಟ ಪೈಲ್ವಾನ ವಸ್ತಾದನಾಗಿ ಬದಿಯಲ್ಲಿ ನಿಂತು ಪಟ್ಟು ಹೇಳಿಕೊಡುತ್ತಿದ್ದ. ಮುಪ್ಪಿನವನಿಗೆ ಅಲ್ಲಿ ಗೌರವವಿತ್ತು, ಕಸರತ್ತು ಇರಲಿಲ್ಲ. ಭವಾನರಾವ್ ಕೂಡ ಮೊದಲು ಸುಮಾರು ಹತ್ತು ವರ್ಷ ಯುರೋಪಿನ ಸ್ಯಾಂಡೋನ ಪದ್ಧತಿಯನ್ನು ಅನುಸರಿಸಿದ್ದವನು. ಸೂರ್ಯನಮಸ್ಕಾರಕ್ಕೆ ತಿರುಗಿದ್ದು ನಲವತ್ತರ ಆಸುಪಾಸಿನಲ್ಲಿ. ಎದುರಾಳಿ ಬೇಡ, ಸಲಕರಣೆ ಬೇಡ, ಚಾಪೆಯಷ್ಟು ಜಾಗ ಸಾಕು. 1938ರಲ್ಲಿ ಲೂಯಿಸ್ ಮಾರ್ಗನ್ ಸಂಪಾದಿಸಿದ ಆತನ ಇಂಗ್ಲಿಷ್ ಪುಸ್ತಕ ಲಂಡನ್ನಿನಿಂದ ಹೊರಬಂದಾಗ ಅರಸನಿಗೆ ಎಪ್ಪತ್ತು. ಪುಸ್ತಕದ ವಾದಕ್ಕಿಂತ ಬಲವಾದ ಸಾಕ್ಷಿ ಆ ಎಪ್ಪತ್ತರ ದೇಹವೇ ಆಗಿತ್ತು.

ಈ ಸಾಕ್ಷಿಗೂ ಮಿತಿಯುಂಟು. ಹೊತ್ತುಹೊತ್ತಿಗೆ ಒಳ್ಳೆಯ ಊಟವೂ ಬಿಡುವೂ ಇದ್ದ ಅರಮನೆಯ ದೇಹದಿಂದ, ಜೋಳದ ಹೊಲದಲ್ಲಿ ಬಾಗಿ ಬಾಗಿ ಬೆನ್ನು ಸವೆಸಿಕೊಂಡ ರೈತನ ಮುಪ್ಪನ್ನು ಅಳೆಯಲಾಗದು.

ಇನ್ನೊಂದು ವಿಪರ್ಯಾಸವಿದೆ. ಸಾಕ್ಷಿ ವೃದ್ಧನದು, ಸಂಸ್ಥೆ ಮಕ್ಕಳದು: ಔಂಧದಲ್ಲಿ ಸೂರ್ಯನಮಸ್ಕಾರ ಕಡ್ಡಾಯವಾದದ್ದು ಶಾಲೆಗಳಲ್ಲಿ. ಮಿತ್ರ, ರವಿ, ಸೂರ್ಯ ಎಂಬ ಸಂಸ್ಕೃತದ ನಾಮಗಳು ಮರಾಠಿಗೂ ಕನ್ನಡಕ್ಕೂ ಸಮಾನ; ಆದುದರಿಂದ ಚಲನೆ ಭಾಷೆಯ ಗಡಿಯನ್ನು ಸುಲಭವಾಗಿ ದಾಟುತ್ತದೆ. ದಾಟದಿರುವುದು ವಿವರಣೆ. ಉಸಿರು ಎಲ್ಲಿ ಬಿಡಬೇಕು, ಮೊಣಕಾಲು ನೊಂದರೆ ಎಷ್ಟು ಬಾಗಬೇಕು, ತಲೆ ಸುತ್ತಿದರೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಶಾಲೆಯ ಬಾಲಕ ನೋಡಿ ಕಲಿತಾನು. ಶಾಲೆಯ ಹೊರಗಿದ್ದ ಅಜ್ಜಿಗೆ ಅದನ್ನು ಅವಳ ಮಾತಿನಲ್ಲೇ ಹೇಳಬೇಕು. ಅಂಥ ಬರವಣಿಗೆಗೆ ಕನ್ನಡ ಸಾಲದೆ ಇರಲಿಲ್ಲ: ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲೇ ಮೈಸೂರಿನಿಂದ ಕನ್ನಡದಲ್ಲಿ ಬಂದಿತ್ತು. ಆದರೂ ‘ಶಾಂತಲಾ’ ಕಾದಂಬರಿಯನ್ನು ಕನ್ನಡಕ್ಕೆ ಕೊಟ್ಟ ಬೆಂಗಳೂರಿನ ವ್ಯಾಯಾಮಾಚಾರ್ಯ ಕೆ.ವಿ. ಅಯ್ಯರ್ 1937ರ ತಮ್ಮ ಸೂರ್ಯನಮಸ್ಕಾರದ ಪುಸ್ತಕವನ್ನು ಇಂಗ್ಲಿಷಿನಲ್ಲಿಯೇ ಬರೆದರು. ಆ ಕಾಲದ ದೇಹಶಾಸ್ತ್ರದ ಓದುಗ ಯಾರೆಂಬುದನ್ನು ಇದೇ ಹೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಅರವತ್ತೈದು ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ಬೀಳದಂತೆ ತಡೆಯಲು, ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲವನ್ನು ಬೆಳೆಸುವ ಅಭ್ಯಾಸ ಬೇಕೆನ್ನುತ್ತದೆ. ಔಂಧದ ಅರಸ ದೇಹದಿಂದ ತೋರಿಸಹೊರಟದ್ದು ಇದರಿಂದ ಬಹು ದೂರವಲ್ಲ. ಗುಣದಾಳ ಇಂದು ವಿಜಯಪುರ ಜಿಲ್ಲೆಗೆ ಸೇರಿದೆ, ಆಟಪಾಡಿ ಸಾಂಗಲಿಗೆ. ಎರಡರ ನಡುವಿನ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಲ್ಲಾದರೋ ಸರಕಾರದ ಭಾಷೆ ಈಗಲೂ ಮರಾಠಿ. ಮನೆಯ ಹಿರಿಯರು ಮೊಣಕಾಲ ನೋವನ್ನು ಹೇಳಿಕೊಳ್ಳುವ ಭಾಷೆ ಕನ್ನಡ.