ಗಾರೆಯ ಗೋಡೆ ಮತ್ತು ತೇವದ ಸಾಕ್ಷ್ಯ: ಹೈದರಾಬಾದಿನ ಹಳೆಯ ಮನೆಗಳನ್ನು ಕುರಿತು ಒಂದು ಟಿಪ್ಪಣಿ

ಹೈದರಾಬಾದಿನ ಹಳೆಯ ನಗರದ ದೇವಡಿಗಳ ಇತಿಹಾಸವನ್ನು ಬರೆಯುವವರು ದಾಖಲೆಪತ್ರಗಳನ್ನೂ ವಂಶಾವಳಿಗಳನ್ನೂ ಆಶ್ರಯಿಸುವುದು ಸಹಜ. ಆ ಮನೆಗಳ ಹೊರಗೋಡೆಯ ಗಾರೆಯೂ ಒಂದು ದಾಖಲೆಯೇ. ತೇವ ತಗುಲಿದ ಗಾರೆಯನ್ನಂತೂ ದುರಸ್ತಿಗೆ ಮುನ್ನವೇ ಓದಬೇಕೆಂಬುದು ಈ ಟಿಪ್ಪಣಿಯ ನಿಲುವು.

ಗೋಲ್ಕೊಂಡ, ಬಿಜಾಪುರ, ಬೀದರ್‌ಗಳ ಸುಲ್ತಾನರ ಕಟ್ಟಡಗಳು ಸುಣ್ಣದ ಗಾರೆಯ ಕಸುಬನ್ನು ಸಮಾನವಾಗಿ ಹಂಚಿಕೊಂಡಿವೆ. 'ಗಚ್ಚು' ಎಂಬ ಪದ ಕನ್ನಡ, ತೆಲುಗುಗಳೆರಡರಲ್ಲಿಯೂ ಬಳಕೆಯಲ್ಲಿರುವುದು ಗಮನಾರ್ಹ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸುವ ಪದ್ಧತಿ ದಕ್ಷಿಣದಲ್ಲಿ ರೂಢಿಯಲ್ಲಿತ್ತು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವ ಈ ಗಾರೆ ಸೂಕ್ಷ್ಮರಂಧ್ರಗಳಿಂದ ಕೂಡಿದ್ದು, ಗೋಡೆಯನ್ನು ಹೊಕ್ಕ ನೀರು ಆವಿಯಾಗಿ ಹೊರಹೋಗಲು ಅವಕಾಶ ಕೊಡುತ್ತದೆ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ 1824ರಲ್ಲಿ ಪೇಟೆಂಟ್ ದೊರೆಯಿತು. ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆ ಅದನ್ನು ಉತ್ಪಾದಿಸತೊಡಗಿತು. ಕ್ರಮೇಣ ಹಳೆಯ ಗೋಡೆಗಳ ತೇಪೆಗೂ ಸಿಮೆಂಟೇ ಬಂದಿತು. ಗಡಸಾದ ಈ ಪದರ ಆವಿಯನ್ನು ಸುಲಭವಾಗಿ ಬಿಡದು. ಒಳಗುಳಿದ ತೇವದಲ್ಲಿ ಕರಗಿದ ಉಪ್ಪು ಹಿಂಬದಿಯಲ್ಲಿ ಹರಳುಗಟ್ಟಿ, ಹಳೆಯ ಗಾರೆಯನ್ನೇ ಸಡಿಲಿಸುತ್ತದೆ.

ಆದುದರಿಂದ ಪರಿಶೀಲನೆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಮೊದಲನೆಯದು, ನೀರು ಎಲ್ಲಿಂದ ಬಂದಿತು? ನೆಲದಿಂದ ಮೇಲಕ್ಕೆ ಸಮನಾದ ಪಟ್ಟಿಯಂತೆ ಹರಡಿದ ಕಲೆ ತಳಪಾಯದ ತೇವವನ್ನು ಸೂಚಿಸುತ್ತದೆ. ಸೂರಿನ ಅಥವಾ ಕಿಟಕಿಯ ಕೆಳಗೆ ಇಳಿದ ಗೆರೆಗಳು ಮಳೆನೀರಿನ ಸೋರಿಕೆಯನ್ನು. ಎರಡನೆಯದು, ಗಾರೆ ಗೋಡೆಯನ್ನು ಬಿಟ್ಟಿದೆಯೇ? ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಕೇಳಿದರೆ ಬಿಟ್ಟಿದೆಯೆಂದೇ ತಿಳಿಯಬೇಕು. ಮೂರನೆಯದು, ಕಲೆ ಹಾಗೂ ಬಿಳಿಯ ಉಪ್ಪು ಸಿಮೆಂಟಿನ ತೇಪೆಯ ಅಂಚಿನಲ್ಲಿಯೇ ಕಾಣುತ್ತವೆಯೇ? ಹಾಗಿದ್ದಲ್ಲಿ ದೋಷ ಹಳೆಯ ಕಸುಬಿನದಲ್ಲ, ದುರಸ್ತಿಯದು ಎಂಬ ಅನುಮಾನಕ್ಕೆ ಆಧಾರವುಂಟು.

ಗೋಲ್ಕೊಂಡದ ಕುತುಬ್ ಶಾಹಿ ಗೋರಿಗಳಲ್ಲಿ 2013ರಿಂದ ನಡೆದ ಸಂರಕ್ಷಣಾಕಾರ್ಯದಲ್ಲಿ ಇಪ್ಪತ್ತನೆಯ ಶತಮಾನದ ಸಿಮೆಂಟ್ ಪದರಗಳನ್ನು ತೆಗೆದು ಸುಣ್ಣದ ಗಾರೆಯನ್ನು ಮತ್ತೆ ಬಳಿಯಲಾಯಿತು. ರಾಜಸಮಾಧಿಗಳಿಗೆ ದೊರೆತ ಈ ಎಚ್ಚರ ವಾಸದ ಮನೆಗಳಿಗೂ ದೊರೆಯಬೇಕು. ಕಲೆಯ ಎತ್ತರ, ಗಾರೆಯ ಪದರಗಳು, ತೇಪೆಯ ಅಂಚು ಇವುಗಳನ್ನು ಅಳೆದು, ಚಿತ್ರಿಸಿ, ದಿನಾಂಕದೊಡನೆ ಬರೆದಿಡದೆ ಗೋಡೆಯನ್ನು ಕೆತ್ತಿದರೆ, ತೇವದೊಡನೆ ಅದರ ಸಾಕ್ಷ್ಯವೂ ಅಳಿದುಹೋಗುತ್ತದೆ.