ಹುಲಿಯ ಘರ್ಜನೆಗೆ ಮೈಸೂರಿನ ಅಚ್ಚು

ಹಳೆಯ ಬಂಗಲೆಯಲ್ಲೋ ಅರಮನೆಯಲ್ಲೋ ಕಾಫಿ ತೋಟದ ಮನೆಯ ಪಡಸಾಲೆಯಲ್ಲೋ ಗೋಡೆಗೆ ತೂಗುಹಾಕಿದ ಹುಲಿಯ ತಲೆಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಬಾಯಿ ತೆರೆದಿರುತ್ತದೆ, ಕೋರೆಹಲ್ಲು ಕಾಣುತ್ತಿರುತ್ತದೆ, ಗಾಜಿನ ಕಣ್ಣು ಬಾಗಿಲ ಕಡೆ ನೆಟ್ಟಿರುತ್ತದೆ. ಕೆಲವೊಮ್ಮೆ ಕೆಳಗೊಂದು ಪುಟ್ಟ ಫಲಕ. ಅದರಲ್ಲಿ ಊರು, ತಾರೀಖು, ಹೊಡೆದವರ ಹೆಸರು ಮತ್ತು ಮೂಗಿನಿಂದ ಬಾಲದ ತುದಿಯವರೆಗಿನ ಅಳತೆ. ಇಂಥ ಕೋಣೆಗಳು ಇರುವುದೇ ನೆನಪಿಗಾಗಿ. ಆದರೆ ಅವು ಯಾರ ನೆನಪನ್ನು ಉಳಿಸಿಕೊಂಡವು, ಯಾವುದನ್ನು ಬಿಟ್ಟುಬಿಟ್ಟವು?

ಈ ಪ್ರಶ್ನೆ ಕೇಳಲು ಮೈಸೂರಿಗಿಂತ ತಕ್ಕ ಊರು ಸಿಗಲಾರದು. ಕಳೆದ ಶತಮಾನದಲ್ಲಿ ದೇಶದ ಬೇರೆ ಬೇರೆ ಕಾಡುಗಳಲ್ಲಿ ಸತ್ತ ಹುಲಿ, ಚಿರತೆಗಳ ತೊಗಲುಗಳು ಗೋಡೆ ಸೇರುವ ಮುನ್ನ ಮೈಸೂರಿಗೆ ಬಂದು ಹೋಗುತ್ತಿದ್ದವು. ಯೂಜಿನ್ ವಾನ್ ಇಂಗೆನ್ ಶುರುಮಾಡಿದ 'ವಾನ್ ಇಂಗೆನ್ ಅಂಡ್ ವಾನ್ ಇಂಗೆನ್' ಸಂಸ್ಥೆ ಸುಮಾರು 1900ರಿಂದ ಶತಮಾನದ ಕೊನೆಯವರೆಗೂ ಇಲ್ಲಿ ನಡೆಯಿತು. ತಂದೆಯ ನಂತರ ಕಸುಬನ್ನು ನಡೆಸಿದ ಮಕ್ಕಳಲ್ಲಿ ಮೂವರಿಗೆ ಬೋಥಾ, ಡಿ ವೆಟ್, ಜೂಬರ್ ಎಂಬ ಬೋಯರ್ ಸೇನಾನಿಗಳ ಹೆಸರುಗಳಿದ್ದವು. ಜೂಬರ್ ನೂರು ವರ್ಷ ದಾಟಿ ಬದುಕಿ 2013ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ತೋಟದ ದೊರೆಗಳು, ಸ್ವಾತಂತ್ರ್ಯದ ನಂತರ ಬಂದ ವಿದೇಶಿ ಶಿಕಾರಿಗಳು ಎಲ್ಲರೂ ಇವರ ಗಿರಾಕಿಗಳು. ಸಂಸ್ಥೆಯ ಬಗ್ಗೆ 2006ರಲ್ಲಿ ಪುಸ್ತಕ ತಂದ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಪ್ಯಾಟ್ ಮಾರಿಸ್ ಅವರ ಅಂದಾಜಿನಂತೆ ಇಲ್ಲಿ ಹದಮಾಡಿದ ಹುಲಿ, ಚಿರತೆಗಳ ಸಂಖ್ಯೆ 40,000ಕ್ಕೂ ಹೆಚ್ಚು. 1972ರಲ್ಲಿ ದೇಶದಾದ್ಯಂತ ಹುಲಿಗಣತಿ ನಡೆದಾಗ ಕಾಡಿನಲ್ಲಿ ಸಿಕ್ಕ ಲೆಕ್ಕ 1,827.

ಕೆಲಸ ಕಾಡಿನಲ್ಲೇ ಶುರುವಾಗುತ್ತಿತ್ತು. ನಮ್ಮ ಸೆಕೆಗೆ ಸತ್ತ ಪ್ರಾಣಿಯನ್ನು ಬೇಗ ಸುಲಿಯದಿದ್ದರೆ ತೊಗಲು ಕೊಳೆತು ಕೂದಲು ಕಿತ್ತು ಬರುತ್ತದೆ. ಸುಲಿದ ತೊಗಲಿನಿಂದ ಕೊಬ್ಬು, ಮಾಂಸ ಕೆರೆದು ತೆಗೆಯಬೇಕು, ಕಿವಿ, ತುಟಿ, ಪಂಜಗಳ ಒಳಗನ್ನು ಬಿಡಿಸಿ ಉಪ್ಪೋ ಪಟಿಕವೋ ತಿಕ್ಕಬೇಕು, ಬಿಸಿಲು ತಾಕದಂತೆ ನೆರಳಿನಲ್ಲಿ ಒಣಗಿಸಬೇಕು. ಈ ಕೆಲಸಕ್ಕೆ ಕೈಹಾಕುತ್ತಿದ್ದವರು ಸಾಮಾನ್ಯವಾಗಿ ಕೋವಿ ಹಿಡಿದವರಲ್ಲ, ಶಿಬಿರದ ಆಳುಗಳು.

ಮೈಸೂರು ತಲುಪಿದ ತೊಗಲಿಗೆ ಒಂದು ಸಂಖ್ಯೆ ಬೀಳುತ್ತಿತ್ತು. ಹದಮಾಡುವ ತೊಟ್ಟಿಯಲ್ಲಿ ಎಲ್ಲ ತೊಗಲೂ ಒಂದೇ. ಒಬ್ಬ ಜಿಲ್ಲಾಧಿಕಾರಿಯ ಹುಲಿ ಇನ್ನೊಬ್ಬ ರಾಜಕುಮಾರನ ಗೋಡೆಗೆ ಹೋದರೆ ಗತಿಯೇನು? ಹೊಡೆದವನ ನೆನಪು ಅವನ ಹುಲಿಗೇ ಅಂಟಿಕೊಂಡಿರಲು ಆ ಸಂಖ್ಯೆ ಬೇಕಿತ್ತು. ಆದರೆ ತೊಗಲಿನ ಒಳಗೆ ಇರುತ್ತಿದ್ದದ್ದು ಆ ಹುಲಿಯ ಮೈಯಲ್ಲ. ಅಚ್ಚಿನಲ್ಲಿ ಕಾಗದದ ರೊಟ್ಟು ಮೆತ್ತಿ ತೆಗೆದ ಟೊಳ್ಳು ಮೈ ಅದು. ಅಳತೆಗೆ ಒಪ್ಪುವ ಅಚ್ಚನ್ನು ಆರಿಸಿ, ಅದರ ಮೇಲೆ ತೊಗಲು ಎಳೆದು ಹೊಲಿದು, ಕಣ್ಣು ಕೂರಿಸಿ, ಮೂಗು ಮತ್ತು ವಸಡಿಗೆ ಬಣ್ಣ ಹಚ್ಚುತ್ತಿದ್ದರು. ಪಟ್ಟೆಗಳು ಆ ಒಂದು ಹುಲಿಯವು. ಮುಖಭಾವ ಕಾರ್ಖಾನೆಯದು.

ಇಲ್ಲೇ ಗೋಡೆಯ ನೆನಪು ತಿರುಚಿಕೊಳ್ಳುತ್ತದೆ. ಎಷ್ಟೋ ಹುಲಿಗಳು ಸತ್ತದ್ದು ಮಚಾನಿನ ಕೆಳಗೆ, ಕಟ್ಟಿದ ಎಮ್ಮೆಕರುವನ್ನು ತಿನ್ನಲು ಮರಳಿ ಬಂದಾಗ. ಸೋವಿನ ಬೇಟೆಯಲ್ಲಿ ತಮಟೆ, ಕೂಗುಗಳ ಮುಂದೆ ಪೊದೆಯಿಂದ ಪೊದೆಗೆ ಸದ್ದಿಲ್ಲದೆ ಸರಿದು ಬಂದ ಹುಲಿ ಕೋವಿಯೆದುರು ಬಿದ್ದಾಗ ಗುಟುರು ಹಾಕಿಯೇ ಇರಬೇಕೆಂದಿಲ್ಲ. ಗೋಡೆಯ ಮೇಲೆ ಮಾತ್ರ ಎಲ್ಲವೂ ಮೇಲೆರಗಲು ಬಂದಂತೆ ಕಾಣುತ್ತವೆ. ಗಿರಾಕಿಗೆ ಬೇಕಾದದ್ದು ಆ ನೋಟ, ಕಾರ್ಖಾನೆ ಕೊಟ್ಟದ್ದೂ ಅದನ್ನೇ. ಮುಂದಿನ ತಲೆಮಾರು ಆ ಮುಖ ನೋಡಿ ತಾತನ ಸಾಹಸವನ್ನು ಊಹಿಸಿಕೊಂಡಿತು.

ಫಲಕದ ಅಳತೆಯಲ್ಲೂ ಇಂಥದೇ ಚಮತ್ಕಾರವಿತ್ತು. ಸತ್ತ ಹುಲಿಯನ್ನು ನೇರವಾಗಿ ಮಲಗಿಸಿ ಮೂಗಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು ಅವುಗಳ ನಡುವಿನ ದೂರ ಅಳೆಯುವುದು ಒಂದು ಕ್ರಮ. ಟೇಪನ್ನು ತಲೆ, ಬೆನ್ನಿನ ಉಬ್ಬುತಗ್ಗಿನ ಮೇಲೆ ಹಾಯಿಸುವುದು ಇನ್ನೊಂದು. ಎರಡನೆಯದರಲ್ಲಿ ಅದೇ ಹುಲಿ ಕೆಲವು ಅಂಗುಲ ಬೆಳೆದಿರುತ್ತದೆ. 10 ಅಡಿಯ ಹುಲಿ ಎಂಬ ಹೆಗ್ಗಳಿಕೆಗಾಗಿ ಶಿಕಾರಿಗಳ ನಡುವೆ ದಶಕಗಟ್ಟಲೆ ವಾದ ನಡೆದದ್ದು ಈ ಅಂಗುಲಗಳ ಮೇಲೆ.

ಫಲಕದಲ್ಲಿ ಅಂಗುಲಕ್ಕೆ ಜಾಗವಿತ್ತು, ಹೆಜ್ಜೆ ಹಿಡಿದು ತೋರಿಸಿದವನಿಗೆ ಇರಲಿಲ್ಲ. ನಮ್ಮ ಕಾಡುಗಳಲ್ಲಿ ಜೇನುಕುರುಬರು, ಸೋಲಿಗರು ದಾರಿ ತೋರದೆ ದೊಡ್ಡ ಶಿಕಾರಿಗಳು ನಡೆಯುತ್ತಿರಲಿಲ್ಲ. ಹುಲಿ ಯಾವ ಹಳ್ಳದ ಪಕ್ಕ ಮಲಗಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ಅವರ ವಿದ್ಯೆ. ಗಾಯಗೊಂಡ ಹುಲಿ ತಿರುಗಿಬಿದ್ದರೆ ಮೊದಲು ಸಿಕ್ಕುತ್ತಿದ್ದವರಲ್ಲಿ ಅವರೂ ಸೋವಿನ ಆಳುಗಳೂ ಇದ್ದರು. ಅವರ ಹೆಸರು ಉಳಿದದ್ದು, ಉಳಿದಲ್ಲಿ, ಕಥೆಗಳಲ್ಲಿ. ಬೆಂಗಳೂರಿನ ಕೆನೆತ್ ಆಂಡರ್ಸನ್ ತನ್ನ ಬೇಟೆಯ ಸಂಗಾತಿ, ಪೂಜಾರಿ ಬುಡಕಟ್ಟಿನ ಬೈರನನ್ನು ಪುಸ್ತಕಗಳಲ್ಲಿ ಹೆಸರಿಟ್ಟು ನೆನೆದ. ಆಂಡರ್ಸನ್ನನ ಕಾಡನ್ನು ತೇಜಸ್ವಿ 'ಕಾಡಿನ ಕಥೆಗಳು' ಮೂಲಕ ಕನ್ನಡಕ್ಕೆ ತಂದರು.

ಬೇಟೆಯನ್ನು ಹೀಗೆಯೇ ನೆನೆಯಬೇಕೆಂಬ ನಿಯಮವೇನೂ ನಮ್ಮ ನೆಲದಲ್ಲಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದ ಸುದ್ದಿ ಹೇಳುವ ಅದೇ ಕಲ್ಲು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೂ ಹೌದು. ಗಂಗ ಬೂತುಗನ ಬಂಟ ಮಣಲೇರ ರಾಷ್ಟ್ರಕೂಟ ಕೃಷ್ಣನಿಂದ ಬೇಡಿ ಪಡೆದ ನಾಯಿ ಅದು. ದೊಡ್ಡದೊಂದು ಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಿಸಿದ. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿವೆ. ಕೊಡಗಿನ ನರಿಮಂಗಲವೂ ಇಂಥದೇ. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ, ಸತ್ತ ಹುಲಿಯೊಂದಿಗೆ ಮದುವೆಯ ಶಾಸ್ತ್ರ ಮಾಡಿ ಊರೆಲ್ಲ ಗೌರವಿಸುತ್ತಿತ್ತು. ಇವೆರಡೂ ಕೊಲೆಯ ಸಂಭ್ರಮವೇ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ನಾಯಿ, ಹಂದಿ, ಊರು, ದೇವರು ಎಲ್ಲರಿಗೂ ಆ ನೆನಪಿನಲ್ಲಿ ಪಾಲಿತ್ತು. ಟ್ರೋಫಿ ಕೋಣೆ ಅದನ್ನು ಒಬ್ಬನ ಆಸ್ತಿ ಮಾಡಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಆಸ್ತಿಗೆ ಮಾಲೀಕತ್ವದ ಪ್ರಮಾಣಪತ್ರ ಬೇಕಾಯಿತು. ಮಾರುವಂತಿಲ್ಲ, ಪತ್ರವಿಲ್ಲದೆ ಇಟ್ಟುಕೊಳ್ಳುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕದ ಪ್ರಕರಣ ಸುದ್ದಿಯಾದಾಗ ಅಟ್ಟದ ಮೇಲಿನ ಕೊಂಬು, ತೊಗಲುಗಳ ಬಗ್ಗೆ ಎಷ್ಟೋ ಮನೆಗಳಲ್ಲಿ ಒಮ್ಮೆಲೇ ದಿಗಿಲು ಹುಟ್ಟಿತು. ಕಾನೂನು ಸರಿಯಾಗಿಯೇ ಇದೆ. ತಾತನ ನೆನಪೆಂಬ ನೆಪದಲ್ಲಿ ಹೊಸ ಬೇಟೆಯ ಮಾಲು ನುಸುಳಬಾರದು. ಆದರೆ ದಿಗಿಲಿನಲ್ಲಿ ಮೊದಲು ಕಳಚಿಹೋಗುವುದು ಕೆಳಗಿನ ಫಲಕ, ಹಿಂಬದಿಯ ಚೀಟಿ, ಅದರ ಮೇಲಿನ ಸಂಖ್ಯೆ.

ಇತಿಹಾಸ ಓದುವವರಿಗೆ ಉಳಿದದ್ದಕ್ಕಿಂತ ಹೆಚ್ಚು ಬೇಕಾದದ್ದು ಇದೇ. ಆಂಡರ್ಸನ್ ತುಮಕೂರಿನ ಬಳಿಯ ದೇವರಾಯನದುರ್ಗದ ಹುಲಿಯೊಂದರ ಕಥೆ ಬರೆದಿದ್ದಾನೆ. ಇಂದು ಹುಲಿಯ ನೆಲೆಯೆಂದು ನಾವು ಎಣಿಸದ ಇಂಥ ಎಷ್ಟು ಗುಡ್ಡಗಳಲ್ಲಿ, ಯಾವ ವರ್ಷದವರೆಗೆ ಹುಲಿಗಳಿದ್ದವು ಎಂಬುದಕ್ಕೆ ಊರು, ತಾರೀಖು ಬರೆದ ಫಲಕಗಳು ಸಾಕ್ಷಿ. ತೊಗಲಿನ ಚೂರಿನಲ್ಲಿ ಅಳಿದ ಹುಲಿಗಳ ವಂಶವಾಹಿಯೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಅಸ್ಸಾಂ ಸರ್ಕಾರ 2,479 ಘೇಂಡಾಮೃಗದ ಕೊಂಬುಗಳನ್ನು ಸುಟ್ಟಿತು. ಅದಕ್ಕೂ ಮೊದಲು ಕೊಂಬುಗಳಿಂದ ಡಿಎನ್‌ಎ ಮಾದರಿ ತೆಗೆಯಲಾಗಿತ್ತು, 94 ಕೊಂಬುಗಳನ್ನು ಮುಂದಿನವರಿಗಾಗಿ ಎತ್ತಿಡಲಾಯಿತು. ನಮ್ಮಲ್ಲೂ ಒಪ್ಪಿಸುವ, ವಿಲೇವಾರಿ ಮಾಡುವ ಪ್ರತಿ ತೊಗಲಿಗೂ ಇಷ್ಟಾದರೂ ನಡೆಯಬೇಕು. ಎರಡೂ ಬದಿಯ ಫೋಟೊ ತೆಗೆಯಬೇಕು, ಫಲಕದ ಅಕ್ಷರಗಳನ್ನು, ಮೈಸೂರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಮನೆಯ ಹಿರಿಯರಿಗೆ ಒಂದು ಮಾತು ಕೇಳಬೇಕು: ಆ ದಿನ ದಾರಿ ತೋರಿಸಿದವರು ಯಾರು? ಆ ಹೆಸರು ಹಲವು ಮನೆಗಳಲ್ಲಿ ಇನ್ನೂ ಒಬ್ಬಿಬ್ಬರ ಬಾಯಲ್ಲಿ ಮಾತ್ರ ಉಳಿದಿದೆ.