ಹಂಡೆ, ಗಹಾಣ ಮತ್ತು ಸುಣ್ಣದ ಗೋಡೆ

ಗದಗ ಸೀಮೆಯ ಹಳೆಯ ಮನೆಗಳ ಅಡಿಗೆಮನೆಯನ್ನು ಹೊಕ್ಕು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ದಿನವೂ ಬಳಸುವ ಪಾತ್ರೆಗಳು ನಾಲ್ಕಾರು ಮಾತ್ರ. ಎಂದೂ ಒಲೆಯ ಮೇಲೇರದ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ಗಂಗಾಳಗಳು ಮಾತ್ರ ಗೋಡೆಯ ಹಲಗೆಯ ಮೇಲೆ ಸಾಲಾಗಿ ಕುಳಿತಿರುತ್ತವೆ. ಇಂದಿನ ಸೊಸೆ ಅವನ್ನು ನೋಡಿ ಇದೆಲ್ಲ ಧೂಳು ತಿನ್ನುವ ಸಾಮಾನು, ತೆಗೆದು ಹಾಕೋಣ ಎನ್ನುತ್ತಾಳೆ, ಅತ್ತೆ ಒಪ್ಪುವುದಿಲ್ಲ. ಓದುಗರೇ, ಈ ಜಗಳದಲ್ಲಿ ಇಬ್ಬರ ಮಾತಿಗೂ ಇತಿಹಾಸದ ಆಧಾರವಿದೆ ಎಂಬುದನ್ನು ತೋರಿಸುವುದಕ್ಕಾಗಿ ಈ ಲೇಖನ.

ಆ ಪಾತ್ರೆಗಳು ಅಡಿಗೆಗೆಂದು ಬಂದವುಗಳಲ್ಲ. ಬ್ಯಾಂಕು ಇಲ್ಲದ ಕಾಲದಲ್ಲಿ ಅವೇ ಮನೆಯ ಠೇವಣಿ. ಹತ್ತಿಯ ಬೆಲೆ ಚೆನ್ನಾಗಿ ಸಿಕ್ಕ ವರ್ಷ ಒಂದು ಹಂಡೆ, ಮಗಳ ಮದುವೆಯಾದಾಗ ನಾಲ್ಕು ಕೊಡ. ಮಳೆ ಕೈಕೊಟ್ಟ ವರ್ಷ ಅದೇ ಹಂಡೆ ಸೆರಗಿನಡಿ ಅಡಗಿ ಸಾಹುಕಾರನ ತಕ್ಕಡಿಗೆ. ಲೋಹಕ್ಕೆ ತೂಕದ ಬೆಲೆ ಇತ್ತಾದ್ದರಿಂದ ಒತ್ತೆ ಇಡಲು ಅದಕ್ಕಿಂತ ಅನುಕೂಲವಾದ ವಸ್ತು ಬಡವರ ಮನೆಯಲ್ಲಿ ಬೇರೊಂದಿರಲಿಲ್ಲ. ಹೀಗಾಗಿ ನಮ್ಮ ಹಿರಿಯರಿಗೆ ತುಂಬಿದ ಹಲಗೆ ನೆಮ್ಮದಿಯ ಗುರುತಾಗಿತ್ತು, ಖಾಲಿ ಹಲಗೆ ಸಾಲದ ಗುರುತು. ಮನೆ ಹಗುರವಾಗಿರಬೇಕು ಎಂಬ ಇಂದಿನ ಅಭಿರುಚಿ ಅವರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವೇನು?

ಹಾಗೆಂದು ಅವರು ಮನೆಯನ್ನು ಚೊಕ್ಕಟ ಮಾಡುತ್ತಿರಲಿಲ್ಲವೆಂದಲ್ಲ. ಗದಗ, ಮುಂಡರಗಿ, ಶಿರಹಟ್ಟಿಗಳ ಮಾಳಿಗೆ ಮನೆಗಳಿಗೆ ವರ್ಷದ ಆರೈಕೆ ಅನಿವಾರ್ಯವಾಗಿತ್ತು. ಮಣ್ಣಿನ ಗೋಡೆ, ಕಟ್ಟಿಗೆಯ ತೊಲೆ ಜಂತಿ, ಅದರ ಮೇಲೆ ಹಾಸಿ ಬಡಿದ ಮಣ್ಣು. ಮುಂಗಾರಿಗೆ ಮೊದಲು ಮೇಲ್ಮುದ್ದೆಯನ್ನು ಸರಿಪಡಿಸದಿದ್ದರೆ ಮನೆ ಸೋರುತ್ತಿತ್ತು. ಮಹಾನವಮಿಯೋ ದೀಪಾವಳಿಯೋ ಬಂತೆಂದರೆ ಸಾಮಾನೆಲ್ಲ ಅಂಗಳಕ್ಕೆ. ಗೋಡೆಗೆ ಸುಣ್ಣ, ಅಡಿಗೆ ಕೆಮ್ಮಣ್ಣಿನ ಪಟ್ಟಿ, ನೆಲಕ್ಕೆ ಸಗಣಿಯ ಸಾರಣೆ. ಕ್ರೈಸ್ತ ಮನೆಗಳಲ್ಲಿ ಇದೇ ಕೆಲಸ ಕ್ರಿಸ್ಮಸ್ಸಿನ ಮುಂಚೆ ನಡೆಯುತ್ತಿತ್ತು. ಹಗೇವಿನ ಬಾಯಿ ತೆರೆದು ಜೋಳ ಹೊರತೆಗೆಯುವುದೂ ಒಂದು ದೊಡ್ಡ ಕೆಲಸವೇ. ಹಳೆಯ ಸೀರೆ, ಧೋತರಗಳು ಕೌದಿಯಾಗುತ್ತಿದ್ದವು. ಬೆಟಗೇರಿಯ ಮಗ್ಗದಲ್ಲಿ ಹುಟ್ಟಿದ ಸೀರೆ ಉಟ್ಟು ಹಳತಾಗಿ, ಹರಿದು, ಏಳೆಂಟು ಪದರಗಳ ಕೌದಿಯಲ್ಲಿ ಇನ್ನೂ ಹಲವು ವರ್ಷ ಬಾಳುತ್ತಿತ್ತು. ಅಂಗಡಿಯಿಂದ ಏನನ್ನೂ ತರದೆ ಮನೆ ಹೊಸದಾಗುತ್ತಿತ್ತು ಎಂಬುದನ್ನು ಗಮನಿಸಬೇಕು.

ಇನ್ನು ಮನೆಯೇ ಒತ್ತೆಗೆ ಹೋದ ಕಥೆ. ನಮ್ಮ ಭಾಗದಲ್ಲಿ ಅದನ್ನು ಇಂದಿಗೂ ಗಹಾಣ ಎಂದೇ ಕರೆಯುತ್ತಾರೆ. ಬ್ರಿಟಿಷರ ರೈತವಾರಿ ಪದ್ಧತಿಯಿಂದ ಹೊಲವು ಮಾರಬಹುದಾದ, ಒತ್ತೆ ಇಡಬಹುದಾದ ಆಸ್ತಿಯಾಯಿತು. 1861ರಿಂದ 1865ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ತಲುಪದೆ ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಗದಗಿನ ಎರೆಭೂಮಿ ಬಂಗಾರವಾಯಿತು. ಸಾಲ ಹೆಚ್ಚಿದ್ದು ಬಡತನದ ವರ್ಷಗಳಲ್ಲಿ ಮಾತ್ರವಲ್ಲ, ಈ ಸಿರಿಯ ವರ್ಷಗಳಲ್ಲಿಯೂ ಎಂಬುದು ನನಗೆ ಬಹು ಮುಖ್ಯವಾಗಿ ತೋರುತ್ತದೆ. ಹೊಲದ ಬೆಲೆ ಏರಿದಂತೆ ಸಾಹುಕಾರನು ಕೊಡಲು ಸಿದ್ಧನಿದ್ದ ಮೊತ್ತವೂ ಏರಿತು. ಯುದ್ಧ ಮುಗಿದು ಬೆಲೆ ಕುಸಿಯಿತು. ಪತ್ರದಲ್ಲಿ ಬರೆದ ಅಂಕಿ ಕುಸಿಯಲಿಲ್ಲ. ಮುಂದೆ 1876–78ರ ಬರ ಬಂದಾಗ ಹಲಗೆಯ ಮೇಲಿನ ಹಂಡೆ ಮೊದಲು ಹೋಯಿತು, ಎತ್ತು ಆಮೇಲೆ, ಹೊಲಮನೆ ಕೊನೆಗೆ.

ಸಾಲದ ಪತ್ರಗಳ ಮೇಲಿನ ಸಿಟ್ಟು ಎಷ್ಟಿತ್ತೆಂಬುದಕ್ಕೆ 1875ರ ದಖ್ಖನ್ ದಂಗೆಗಳು ಸಾಕ್ಷಿ. ಪುಣೆ, ಅಹ್ಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಪತ್ರಗಳನ್ನು; ಅವನ್ನು ಬೀದಿಯಲ್ಲಿ ಸುಟ್ಟರು. ಸರಕಾರ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯನ್ನು ತಂದಿತು. ಇದಕ್ಕಿಂತ ಬಹಳ ಹಳೆಯದಾದ ಒಂದು ತಡೆಯೂ ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿ ನಡೆಯುತ್ತಿತ್ತು. ಅದು ದಾಮದುಪ್ಪಟ್ಟು: ಒಂದೇ ಸಲಕ್ಕೆ ವಸೂಲು ಮಾಡುವ ಬಾಕಿ ಬಡ್ಡಿಯು ಅಸಲನ್ನು ಮೀರಬಾರದು ಎಂಬ ಹಿಂದೂ ಧರ್ಮಶಾಸ್ತ್ರದ ನಿಯಮ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ಬಲ್ಲ ನಮ್ಮ ಓದುಗರಿಗೆ ಇಲ್ಲೊಂದು ಸಾಮ್ಯ ಹೊಳೆದೀತು. ಅಲ್ಲಿ ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳುವಂತಿಲ್ಲ. ಸಾಲ ಕೊಟ್ಟವನು ಒತ್ತೆಗಾಗಿ ಸಾಲಗಾರನ ಮನೆಯೊಳಗೆ ಕಾಲಿಡುವಂತೆಯೂ ಇಲ್ಲ, ಹೊರಗೆ ನಿಲ್ಲಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಹೊರಗಿಟ್ಟ ವಸ್ತುಗಳನ್ನು ನೋಡಿರಿ: ಅಗತ್ಯದ ಉಡುಪು, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಉಪಕರಣ, ಕೃಷಿಕನು ತಾನೇ ವಾಸಿಸುವ ಮನೆ. ನ್ಯಾಯಾಲಯವೂ ಒಂದು ಹೊಸ್ತಿಲ ಬಳಿ ನಿಲ್ಲುತ್ತದೆ. ಆದರೆ ಸ್ವಂತ ಇಚ್ಛೆಯಿಂದ ಗಹಾಣ ಬರೆದುಕೊಟ್ಟವನಿಗೆ ಈ ರಕ್ಷಣೆ ದೊರೆಯುವುದಿಲ್ಲ.

ಈ ಹಿನ್ನೆಲೆಯಲ್ಲಿ 1905ನೆಯ ವರ್ಷವನ್ನು ನೋಡಬೇಕು. ಅದರ ಹಿಂದಿನ ವರ್ಷ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತ್ತು. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ; ಪಾಟೀಲರನ್ನು ಸಹಕಾರ ಪಿತಾಮಹರೆಂದು ಗೌರವಿಸುತ್ತಾರೆ. ಅದೇ ವರ್ಷದ ಅಕ್ಟೋಬರಿನಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿಯೂ ಪತ್ತಿನ ಸಂಘವೊಂದು ನೋಂದಣಿಯಾಯಿತು. ದೇಶದ ಅತಿ ಹಳೆಯ ಪಟ್ಟಣ ಸಹಕಾರ ಸಂಘಗಳ ಸಾಲಿನಲ್ಲಿ ಕಾಂಚೀಪುರದ ಅನಂತರ ಬರುವ ಹೆಸರು ಬೆಟಗೇರಿಯದು.

ಪಠ್ಯಪುಸ್ತಕಗಳು ಇಲ್ಲಿಗೇ ಮುಗಿಸುತ್ತವೆ. ಆದರೆ ಮನೆಯ ದೃಷ್ಟಿಯಿಂದ ನೋಡಿದರೆ ನಿಜವಾದ ಬದಲಾವಣೆ ಒತ್ತೆಯ ಸ್ವರೂಪದಲ್ಲಿ ಆಯಿತು. ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಒಬ್ಬನು ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ತಮ್ಮ ಆಸ್ತಿಯಿಂದ ಉತ್ತರ ಹೇಳಬೇಕಾಗಿತ್ತು. 1912ರ ಕಾಯಿದೆಯು ಇನ್ನೂ ಮುಂದುವರಿದು, ಅಂಥ ಸಂಘಗಳು ರಿಜಿಸ್ಟ್ರಾರರ ಒಪ್ಪಿಗೆಯಿಲ್ಲದೆ ಚರಾಸ್ತಿಯ ಒತ್ತೆಯ ಮೇಲೆ ಸಾಲ ಕೊಡಲಾಗದೆಂದು ವಿಧಿಸಿತು. ಅಂದರೆ ಹಂಡೆ ಹಲಗೆಯ ಮೇಲೆಯೇ ಉಳಿಯಬಹುದಾಗಿತ್ತು. ತಕ್ಕಡಿಗೆ ಏರಿದ್ದು ನೆರೆಯವನ ಜಾಮೀನು. ಬದುಕು ಹಗುರವಾಯಿತೆಂದು ನಾನು ಹೇಳಲಾರೆ. ಅವನ ಮನೆಯ ಖರ್ಚಿನ ಮೇಲೆ ಇಡೀ ಊರಿನ ಕಣ್ಣು ಬಿತ್ತು. ಸಾಲ ಬಾಕಿಯಿರುವಾಗ ಮನೆಗೆ ಹೊಸ ಬಾಗಿಲು ಕೂರಿಸಿದವನನ್ನು ಜಾಮೀನುದಾರನು ಪ್ರಶ್ನಿಸದೆ ಬಿಟ್ಟಾನೆಯೇ?

ಲಕ್ಷ್ಮೇಶ್ವರ, ಶಿರಹಟ್ಟಿಗಳ ಮಾತು ಬೇರೆ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಬೀಗರು ಬಿಜ್ಜರು ಒಂದೇ ಆದರೂ ಕಾಯಿದೆ ಕಚೇರಿಗಳು ಬೇರೆ ಬೇರೆ. ಒಂದು ಊರಿನ ಸಾಲಪರಿಹಾರ ಕಾಯಿದೆ ಬಂಡಿಯಲ್ಲಿ ಹೋಗಬಹುದಾದ ಇನ್ನೊಂದು ಊರಿಗೆ ತಾನಾಗಿ ತಲುಪುತ್ತಿರಲಿಲ್ಲ.

ಮನೆ ಕಟ್ಟುವುದಕ್ಕಾಗಿಯೇ ಸಾಲ ಎಂಬ ಯೋಚನೆ ನಗರಗಳಲ್ಲಿ ಮೊದಲು ಬೆಳೆಯಿತು. ಬೆಂಗಳೂರಿನಲ್ಲಿ 1909ರಲ್ಲಿ ಮನೆ ಕಟ್ಟುವ ಸಹಕಾರ ಸಂಘ ಹುಟ್ಟಿತು. ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಆರಂಭವಾದ ಸಾರಸ್ವತ ಗೃಹನಿರ್ಮಾಣ ಸಂಘದ ಹಿಂದೆ ಇದ್ದವರು ಕೆನರಾ ಮೂಲದ ಚಿತ್ರಾಪುರ ಸಾರಸ್ವತರು, ಅವರ ಮುಂದಾಳು ಶ್ರೀಪಾದ ಸುಬ್ರಾವ ತಾಲ್ಮಕಿ. ಸಂಬಳದವರಿಗೆ ಇಪ್ಪತ್ತು ವರ್ಷಗಳ ಕಂತಿನ ಸಾಲ ಸುಲಭವಾಗಿ ದೊರೆಯುವ ಕಾಲ ಇನ್ನೂ ದೂರವಿತ್ತು. ಗೃಹಸಾಲಕ್ಕೆಂದೇ ಎಚ್‌ಡಿಎಫ್‌ಸಿ ಸಂಸ್ಥೆ ಹುಟ್ಟಿದ್ದು 1977ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ದೇವರಾಜ ಅರಸರ ಸರಕಾರವು 1976ರ ಋಣ ಪರಿಹಾರ ಕಾಯಿದೆಯಿಂದ ಸಣ್ಣ ರೈತರ, ಭೂಹೀನ ಕೂಲಿಗಳ, ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ರದ್ದುಗೊಳಿಸಿ, ಒತ್ತೆ ಇಟ್ಟ ವಸ್ತುಗಳನ್ನು ಮರಳಿಸಬೇಕೆಂದು ಆಜ್ಞಾಪಿಸಿತು. ಹಂಡೆಗಳಿಗೆ ಮನೆಗೆ ಬರುವ ದಾರಿಯನ್ನು ಶಾಸನವೇ ತೆರೆದ ಅಪರೂಪದ ಸಂದರ್ಭವದು.

ಈಗ ತಮ್ಮ ಮನೆಗೆ ಬರೋಣ. ಗದಗ-ಬೆಟಗೇರಿಯ ಹೊಸ ಬಡಾವಣೆಯೊಂದರಲ್ಲಿ ಬ್ಯಾಂಕಿನ ಸಾಲದಿಂದ ತಾವು ಮನೆ ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿರಿ. ಹತ್ತು ಲಕ್ಷ ರೂಪಾಯಿ, ಶೇಕಡಾ 9ರ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 8,997 ರೂಪಾಯಿ. ಮೊದಲ ಕಂತಿನಲ್ಲಿ 7,500 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲು ಇಳಿಯುವುದು ಒಂದೂವರೆ ಸಾವಿರ ಮಾತ್ರ. ಇಪ್ಪತ್ತು ವರ್ಷಗಳಲ್ಲಿ ಕಟ್ಟುವ ಒಟ್ಟು ಬಡ್ಡಿ ಹನ್ನೊಂದೂವರೆ ಲಕ್ಷವನ್ನು ಮೀರುತ್ತದೆ, ಅಸಲಿಗಿಂತಲೂ ಹೆಚ್ಚು. ದಾಮದುಪ್ಪಟ್ಟಿನ ನಿಯಮ ಇದಕ್ಕೆ ತಗಲುವುದಿಲ್ಲ. ಬಡ್ಡಿಯನ್ನು ತಿಂಗಳು ತಿಂಗಳಿಗೆ ಕಟ್ಟುತ್ತ ಹೋಗುವುದರಿಂದ ಅದು ಒಮ್ಮೆಯೂ ಬಾಕಿಯಾಗಿ ಗುಡ್ಡೆ ಬೀಳುವುದಿಲ್ಲ, ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಆರಂಭದಲ್ಲಿಯೇ ಒಂದು ಲಕ್ಷ ರೂಪಾಯಿಯನ್ನು ಅಸಲಿಗೆ ಕಟ್ಟಿ, ಕಂತನ್ನು ಮೊದಲಿನಷ್ಟೇ ಇರಿಸಿಕೊಂಡರೆ ಇದೇ ಸಾಲ ಸುಮಾರು ನಾಲ್ಕೂವರೆ ವರ್ಷ ಮೊದಲೇ ತೀರುತ್ತದೆ. ನಿವ್ವಳ ಉಳಿತಾಯ ಮೂರು ಲಕ್ಷ ಎಂಬತ್ತು ಸಾವಿರಕ್ಕೂ ಮಿಕ್ಕಿ. ಚರ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಜರ್ವ್ ಬ್ಯಾಂಕು 2012ರಲ್ಲಿಯೇ ಆದೇಶಿಸಿದೆ. ಹಾಗಾದರೆ ಆ ಒಂದು ಲಕ್ಷ ಎಲ್ಲಿದೆ? ಬಹಳ ಮನೆಗಳಲ್ಲಿ ಅದು ಈಗಾಗಲೇ ಒಳಗೆ ಬಂದು ಕುಳಿತಿದೆ: ಗೋಡೆಯಷ್ಟಗಲದ ಟಿ.ವಿ., ಹಬ್ಬದ ರಿಯಾಯಿತಿಯಲ್ಲಿ ಬಂದ ಎರಡನೆಯ ಸೋಫಾ, ಪಿ.ಓ.ಪಿ. ತಾರಸಿ, ಅತಿಥಿಗಳಿಗೆಂದು ಇಟ್ಟು ಅತಿಥಿಗಳೇ ಬಾರದ ಕೋಣೆಯ ಮಂಚ. ಇವುಗಳಲ್ಲಿ ಹಲವು ಗೃಹಸಾಲಕ್ಕಿಂತ ಹೆಚ್ಚಿನ ಬಡ್ಡಿಯ ಕಂತಿನ ಮೇಲೆಯೇ ಬಂದಿರುತ್ತವೆ. ಹಂಡೆಗೂ ಇವಕ್ಕೂ ಇರುವ ಅಂತರವನ್ನು ಅತ್ತೆಯವರು ಚೆನ್ನಾಗಿ ಬಲ್ಲರು. ಹಂಡೆ ಕಷ್ಟಕಾಲಕ್ಕೆ ತೂಕದ ಬೆಲೆ ತರುತ್ತಿತ್ತು. ಮೂರು ವರ್ಷದ ಸೋಫಾವನ್ನು ಯಾವ ತಕ್ಕಡಿಯೂ ತೂಗುವುದಿಲ್ಲ.

ಆದ್ದರಿಂದ ಮನೆ ಹಗುರ ಮಾಡಬೇಕೆನ್ನುವ ಸೊಸೆಯ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಹಂಡೆಯಿಂದ ಆರಂಭಿಸುವುದನ್ನು ಒಪ್ಪುವುದಿಲ್ಲ. ಬಳಕೆಯಿಲ್ಲದ ಪೀಠೋಪಕರಣ, ಕೆಟ್ಟುನಿಂತ ಯಂತ್ರ, ರದ್ದಿ ಇವುಗಳನ್ನು ಮೊದಲು ಹೊರಗೆ ಹಾಕಿ, ಬಂದ ಹಣ ಸಾವಿರವೇ ಆಗಲಿ, ಅಸಲಿಗೆ ಕಟ್ಟಿರಿ. (ಮುದ್ರಣ ಕಾಶಿ ಎನಿಸಿದ ಗದಗಿನಲ್ಲಿ ಗೋಡೆಯ ತುಂಬ ಹಳೆಯ ಕ್ಯಾಲೆಂಡರುಗಳಿಗೆ ಮಾತ್ರ ಕೊರತೆಯಿಲ್ಲ, ಅವನ್ನು ತೆಗೆದರೇ ಅರ್ಧ ಗೋಡೆ ಹೊಸದಾಗುತ್ತದೆ.) ಒಂದು ಮೊಳೆಯನ್ನೂ ಕೊಳ್ಳದೆ ಒಂದು ತಿಂಗಳು ಆ ಖಾಲಿ ಕೋಣೆಯಲ್ಲಿ ಬದುಕಿ ನೋಡಿರಿ. ಬಣ್ಣದ ಸರದಿ ಆಮೇಲೆ. ಊರಿನ ಹಳೆಯ ಮಣ್ಣಿನ ಮನೆ ಪಾಲಿಗೆ ಬಂದಿದ್ದರೆ ದುಬಾರಿಯ ಎಣ್ಣೆ ಬಣ್ಣ ಬೇಡ. ಮಣ್ಣಿನ ಗೋಡೆ ತೇವವನ್ನು ಹೊರಗೆ ಬಿಡಬೇಕು. ಸುಣ್ಣ ಅದಕ್ಕೆ ಎಡೆಗೊಡುತ್ತದೆ, ಎಣ್ಣೆ ಬಣ್ಣ ತಡೆದು ಕೊನೆಗೆ ತಾನೇ ಹಪ್ಪಳದಂತೆ ಏಳುತ್ತದೆ. ಸಿಮೆಂಟಿನ ಮನೆಯಲ್ಲಿಯೂ ಬಿಳಿಯ ಗೋಡೆ, ಕಿಟಕಿಯ ಬಳಿ ಒಂದು ಕೌದಿ, ಮತ್ತೆ ಹೌದು, ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದ ಆ ತಾಮ್ರದ ಹಂಡೆ. ಪಡಸಾಲೆಗೆ ಇದಕ್ಕಿಂತ ಹೆಚ್ಚಿನ ಅಲಂಕಾರ ಬೇಕೆಂದು ನನಗೆ ತೋರುವುದಿಲ್ಲ.

ಕೊನೆಯ ಕಂತು ಕಟ್ಟಿದ ದಿನ ಹಲವರು ಸಿಹಿ ಹಂಚಿ ಸುಮ್ಮನಾಗುತ್ತಾರೆ. ಕೆಲಸ ಇನ್ನೂ ಉಳಿದಿರುತ್ತದೆ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಜರ್ವ್ ಬ್ಯಾಂಕಿನ ನಿಯಮದಂತೆ ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಪತ್ರಗಳನ್ನು ಒಂದೊಂದಾಗಿ ಎಣಿಸಿ ತೆಗೆದುಕೊಳ್ಳಿರಿ, ಸಾಲ ಬಾಕಿಯಿಲ್ಲವೆಂಬ ಪತ್ರವನ್ನೂ ಕೇಳಿರಿ. ಗಹಾಣವು ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸಬೇಕು. ಉತಾರದಲ್ಲಿ ಬ್ಯಾಂಕಿನ ಹೆಸರಿನ ಬೋಜಾ ಇದ್ದರೆ ಅರ್ಜಿ ಕೊಟ್ಟು ಅದನ್ನು ಕಡಿಮೆ ಮಾಡಿಸಿ, ಹೊಸ ಉತಾರದ ಪ್ರತಿಯನ್ನು ಪಡೆದು ಮನೆಗೆ ತನ್ನಿರಿ.